ಮೊದಲು ಭಾವನೆಗೆ ಹೆಸರು, ಆಮೇಲೆ ಬುದ್ಧಿಮಾತು

ಮಗು ಎಡವಿ ಬಿದ್ದರೆ ನೆಲಕ್ಕೆ ಎರಡು ಏಟು ಹಾಕಿ ಸಮಾಧಾನ ಮಾಡುವುದು ನಮ್ಮ ಮನೆಗಳ ರೂಢಿ. ಅಳು ನಿಲ್ಲುತ್ತದೆ, ನಿಜ. ಆದರೆ ನೋವಾದಾಗ ಯಾರಿಗಾದರೂ ಹೊಡೆಯಬೇಕು ಎಂಬ ಪಾಠವೂ ಒಳಗಿಳಿಯುತ್ತದೆ. ಅದರ ಬದಲು ‘ಮಂಡಿ ಉರೀತಿದೆಯಾ? ಹೆದರಿಕೆ ಆಯ್ತಾ?’ ಎಂದು ಕೇಳಿ.

ಮೊದಲು ನಿಮ್ಮ ಮುಖದ ಮೇಲೆ ನಿಗಾ ಇರಲಿ. 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಳ ಕಾಣುವಂತೆ ಗಾಜು ಹಾಸಿದ ಮೇಜಿನ ಮೇಲೆ ವರ್ಷದ ಮಕ್ಕಳನ್ನು ಬಿಟ್ಟಿದ್ದರು. ಎದುರಿಗಿದ್ದ ತಾಯಿ ನಕ್ಕಾಗ ಹೆಚ್ಚಿನ ಮಕ್ಕಳು ದಾಟಿದರು. ಹೆದರಿದ ಮುಖ ಮಾಡಿದಾಗ ಒಬ್ಬರೂ ದಾಟಲಿಲ್ಲ. ಚುಚ್ಚುಮದ್ದಿನ ಸರದಿಯಲ್ಲೂ ಮಗು ಓದುತ್ತಿರುವುದು ನಿಮ್ಮ ಮುಖವನ್ನೇ.

ಎರಡನೆಯದು, ಹಟದ ಹೊತ್ತು. ಇಲ್ಲೇ ನಾವು ಹೆಚ್ಚು ಎಡವುವುದು. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು, ಚಿಕ್ಕ ಮಾತಿನಲ್ಲಿ ಹೇಳಿ: ‘ಕಾರು ಕಿತ್ಕೊಂಡ ಅಂತ ಕೋಪ ಬಂದಿದೆ. ಆದ್ರೆ ಹೊಡೆಯೋಕೆ ಬಿಡಲ್ಲ.’ ಎತ್ತಿದ ಕೈಯನ್ನು ಮೃದುವಾಗಿ ಹಿಡಿಯಿರಿ. ಕೋಪ ತಪ್ಪಲ್ಲ, ಹೊಡೆತ ತಪ್ಪು. ಈ ಎರಡನ್ನು ಬೇರೆ ಮಾಡಿ ತೋರಿಸುವುದು ದೊಡ್ಡವರ ಕೆಲಸ. ‘ಗುಮ್ಮ ಬರ್ತಾನೆ’, ‘ಗಂಡು ಹುಡುಗ ಅಳ್ತಾನಾ’ ಎಂಬ ಮಾತುಗಳನ್ನು ದಯವಿಟ್ಟು ಬಿಟ್ಟುಬಿಡಿ. ಅವು ಅಳುವನ್ನು ಅಡಗಿಸುತ್ತವೆಯೇ ಹೊರತು ಅದರ ಕಾರಣವನ್ನಲ್ಲ. ಅತ್ತು ಮುಗಿಯುವವರೆಗೆ ಬುದ್ಧಿ ಹೇಳಲೂ ಹೋಗಬೇಡಿ, ಆಗ ಕಿವಿಗೆ ಏನೂ ಬೀಳದು.

ಸಮಾಧಾನವಾದ ಮೇಲೆ ನಡೆದದ್ದನ್ನು ಕಥೆಯಂತೆ ಹೇಳಿಸಿ.

ಇನ್ನೊಬ್ಬರ ಮನಸ್ಸು ಅರ್ಥವಾಗುವುದು ನಿಧಾನಕ್ಕೆ. ಮನೋವಿಜ್ಞಾನಿಗಳಾದ ಬೆಟ್ಟಿ ರೆಪಾಚೋಲಿ ಮತ್ತು ಆಲಿಸನ್ ಗೋಪ್ನಿಕ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿಗಿದ್ದವರು ಬ್ರೊಕೊಲಿಯನ್ನು ಚಪ್ಪರಿಸಿ ತಿಂದು, ಬಿಸ್ಕತ್ತಿಗೆ ಮುಖ ಸಿಂಡರಿಸಿದ ಮೇಲೂ 14 ತಿಂಗಳ ಮಕ್ಕಳು ತಮಗಿಷ್ಟವಾದ ಬಿಸ್ಕತ್ತನ್ನೇ ಕೊಟ್ಟರು. 18 ತಿಂಗಳವರು ಬ್ರೊಕೊಲಿ ಕೊಟ್ಟರು. ಇನ್ನೊಬ್ಬರು ತಪ್ಪು ತಿಳಿದಿರಬಹುದು ಎಂಬುದನ್ನು ಮಾತಿನಲ್ಲಿ ಹೇಳಲು ಸುಮಾರು ನಾಲ್ಕು ವರ್ಷವಾಗಬೇಕು. ಎರಡು ವರ್ಷದ ಮಗುವನ್ನು ‘ಬೇಕಂತಲೇ ಗೋಳು ಹೊಯ್ಕೊಳ್ತಿದೆ’ ಎಂದು ದೂರುವುದು ಅನ್ಯಾಯ. ಪುಣ್ಯಕೋಟಿಯ ಕಥೆ ಹೇಳುವಾಗ ನಡುವೆ ನಿಲ್ಲಿಸಿ: ಕರುವಿಗೆ ಏನನ್ನಿಸಿತು? ಹುಲಿಯ ಮನಸ್ಸು ಯಾಕೆ ಬದಲಾಯ್ತು? ಉತ್ತರ ತಪ್ಪಾದರೂ ತಿದ್ದಬೇಡಿ, ಕೇಳಿಸಿಕೊಳ್ಳಿ.

ಆದರೆ ಕೆಲವು ಲಕ್ಷಣಗಳನ್ನು ಕಡೆಗಣಿಸಬೇಡಿ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೇಕಾದದ್ದನ್ನು ಬೆರಳಿಟ್ಟು ತೋರಿಸದಿದ್ದರೆ ಕಾಯದೆ ಮಕ್ಕಳ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಮಾತು ಮತ್ತು ಶ್ರವಣದ ತಪಾಸಣೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಡೆಯುತ್ತದೆ.