ಸ್ಕ್ರೀನ್‌ಶಾಟ್ ಸಾಕಾಗಲ್ಲ: ವಿಧಿವಿಜ್ಞಾನದ ಬಗ್ಗೆ ನಮಗೆಷ್ಟು ಗೊತ್ತು?

ಕ್ರೈಂ ಧಾರಾವಾಹಿಗಳನ್ನು ನಾವೆಲ್ಲ ನೋಡಿದ್ದೇವೆ. ಕೊಲೆಯಾದ ಹತ್ತೇ ನಿಮಿಷಕ್ಕೆ ಲ್ಯಾಬಿನಿಂದ ರಿಪೋರ್ಟ್ ಬರುತ್ತೆ, ಪರದೆ ಮೇಲೆ 'ಮ್ಯಾಚ್' ಅಂತ ಮೂಡುತ್ತೆ, ಕೇಸು ಖಲಾಸ್! ನಿಜವಾದ ಕೋರ್ಟಿನಲ್ಲಿ ಹೀಗಾಗುವುದಿಲ್ಲ. ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್ ಸೈನ್ಸ್, ಪೊಲೀಸರ ತಲೆನೋವು, ನಮಗ್ಯಾಕೆ ಅನ್ನಬೇಡಿ. ನಾಳೆ ನಾವೇ ದೂರುದಾರರಾಗಬಹುದು, ಸಾಕ್ಷಿಯಾಗಬಹುದು, ತಪ್ಪಾಗಿ ಆರೋಪಿಯೂ ಆಗಬಹುದು.

ಮೊದಲು ತತ್ವ ನೋಡೋಣ. ಫ್ರಾನ್ಸಿನ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಶುರುಮಾಡಿದರು. ಎರಡು ವಸ್ತುಗಳು ತಾಗಿದಾಗ ಒಂದರ ಕುರುಹು ಇನ್ನೊಂದರ ಮೇಲೆ ಉಳಿಯುತ್ತದೆ ಎಂಬುದು ಅವರ ಸೂತ್ರ. ಕೂದಲು, ಧೂಳು, ಬೆವರು, ನೂಲು ಯಾವುದಾದರೂ ಸರಿ. ಆದರೆ ಇದೇ ಸೂತ್ರ ಸ್ಥಳಕ್ಕೆ ನುಗ್ಗುವ ಜನಕ್ಕೂ ಅನ್ವಯಿಸುತ್ತೆ. ಕುತೂಹಲಕ್ಕೆ ಒಳಹೊಕ್ಕ ಹತ್ತು ಜನ ಹತ್ತು ಸುಳ್ಳು ಕುರುಹು ಬಿಟ್ಟು ಬರುತ್ತಾರೆ.

ಡಿಎನ್ಎ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಹದಿನೇಳರ ಹುಡುಗನೊಬ್ಬ ಎರಡನೆಯದನ್ನು ತಾನೇ ಮಾಡಿದ್ದೆಂದು ಒಪ್ಪಿಕೊಂಡುಬಿಟ್ಟ. ವಿಜ್ಞಾನಿ ಅಲೆಕ್ ಜೆಫ್ರೀಸ್ ಪರೀಕ್ಷೆ ಮಾಡಿದಾಗ ಎರಡೂ ಒಬ್ಬನೇ ವ್ಯಕ್ತಿಯ ಕೃತ್ಯ, ಆದರೆ ಆತ ಈ ಹುಡುಗನಲ್ಲ ಅಂತ ಗೊತ್ತಾಯಿತು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಅಂದರೆ ಈ ತಂತ್ರ ಆ ಪ್ರಕರಣದಲ್ಲಿ ಮೊದಲು ಮಾಡಿದ ಕೆಲಸ ನಿರಪರಾಧಿಯೊಬ್ಬನನ್ನು ಉಳಿಸಿದ್ದು!

ಹಾಗಂತ ಲ್ಯಾಬ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಬೆರಳಚ್ಚೊಂದು ಅಮೆರಿಕದ ವಕೀಲರೊಬ್ಬರದ್ದೇ ಅಂತ ಎಫ್‌ಬಿಐ ತಜ್ಞರು ಹೇಳಿದರು. ಆತ ಸುಮಾರು ಎರಡು ವಾರ ಬಂಧನದಲ್ಲಿದ್ದರು. ಕೊನೆಗೆ ಸ್ಪೇನ್ ಪೊಲೀಸರು ಅದು ಬೇರೆಯವನದ್ದೆಂದು ತೋರಿಸಿದರು, ಎಫ್‌ಬಿಐ ಕ್ಷಮೆ ಕೇಳಿತು. ನಮ್ಮ ಕಾನೂನೂ ತಜ್ಞರ ಮಾತನ್ನು 'ಅಭಿಪ್ರಾಯ' ಅಂತಲೇ ಕರೆಯುತ್ತದೆ. ತೂಗಿ ನೋಡುವ ಕೆಲಸ ನ್ಯಾಯಾಧೀಶರದ್ದು.

ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುತ್ತೆ ಅಂತ ಟಿವಿ ಚರ್ಚೆಗಳಲ್ಲಿ ಕೇಳಿರ್ತೀರಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಇವನ್ನು ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ನೇರ ಸಾಕ್ಷ್ಯವಲ್ಲ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಗೆ ಬಂದಿವೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಅನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ಡಿಜಿಟಲ್ ಸಾಕ್ಷ್ಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ ಈಗ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕ್ಲಾಸಿನಲ್ಲಿ ಓದಿದ ಅದೇ ಎಸ್‌ಎಚ್‌ಎ-256! ಫೈಲಿನ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ, ತಿದ್ದಿದ್ದು ಗೊತ್ತಾಗುತ್ತದೆ.

ಹಾಗಾದರೆ ನಾವೇನು ಮಾಡಬಹುದು?

1. ಅಪರಾಧ ನಡೆದ ಸ್ಥಳದಲ್ಲಿ ಗಾಯಾಳುಗಳಿಗೆ ನೆರವಾಗಿ, ಉಳಿದದ್ದನ್ನು ಮುಟ್ಟಬೇಡಿ, ತೊಳೆಯಬೇಡಿ.

2. ರಕ್ತದ ಕಲೆಯಿರುವ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ತೇವಕ್ಕೆ ಸೂಕ್ಷ್ಮಜೀವಿಗಳು ಬೆಳೆದು ಡಿಎನ್ಎ ಹಾಳಾಗುತ್ತೆ. ಒಣಗಿಸಿ ಕಾಗದದ ಕವರಿನಲ್ಲಿಡುವುದೇ ತಜ್ಞರ ಪದ್ಧತಿ.

3. ಆನ್‌ಲೈನ್ ಬೆದರಿಕೆ, ವಂಚನೆ ಆದರೆ ಬರೀ ಸ್ಕ್ರೀನ್‌ಶಾಟ್ ತೆಗೆದು ಮೂಲ ಮೆಸೇಜ್ ಡಿಲೀಟ್ ಮಾಡಬೇಡಿ. ಫೋನ್ ಫಾರ್ಮ್ಯಾಟ್ ಮಾಡಬೇಡಿ. 1930ಕ್ಕೆ ಕರೆ ಮಾಡಿ.

ಒಬ್ಬರ ಬದುಕು ಕೆಲವೊಮ್ಮೆ ಒಂದು ಕೂದಲಿನ ಮೇಲೆ, ಒಂದು ಫೈಲಿನ ಮೇಲೆ ನಿಂತಿರುತ್ತದೆ. ಅದನ್ನು ಹಾಳುಮಾಡುವ ಕೈ ನಮ್ಮದಾಗದಿರಲಿ.