ಕ್ಯಾಮರಾಗಳ ಶ್ರುತಿ

ವಿಜಯದಶಮಿಯ ಅಪರಾಹ್ನ ಮೈಸೂರು ಅರಮನೆಯ ಅಂಗಳದಲ್ಲಿ ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಗಂಭೀರವಾಗಿ ಹೆಜ್ಜೆಯಿಡುತ್ತದೆ. ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹ. ಅಲ್ಲಿಗೆ ಬರಲಾಗದ ಅಸಂಖ್ಯ ಜನ ಈ ಜಂಬೂಸವಾರಿಯನ್ನು ದೂರದರ್ಶನದ ನೇರಪ್ರಸಾರದಲ್ಲಿ ಕಾಣುತ್ತಾರೆ. ಅವರಿಗೆ ದೃಶ್ಯವನ್ನು ಉಣಬಡಿಸುವುದು ಒಂದೇ ಕ್ಯಾಮರಾ ಅಲ್ಲ, ಹಲವು. ಒಂದು ಎತ್ತರದ ಅಟ್ಟಣೆಯ ಮೇಲಿದ್ದರೆ ಮತ್ತೊಂದು ಛಾಯಾಗ್ರಾಹಕನ ಹೆಗಲ ಮೇಲಿರುತ್ತದೆ. ಒಂದರಲ್ಲಿ ಹೊನ್ನಾಗಿ ಹೊಳೆದ ಅಂಬಾರಿ ಮರುಕ್ಷಣವೇ ಇನ್ನೊಂದರಲ್ಲಿ ಹಸಿರುಗಟ್ಟಿದ ಹಿತ್ತಾಳೆಯಂತೆ ಕಂಡರೆ, ಮನೆಯಲ್ಲಿ ಕೈಮುಗಿದು ಕುಳಿತವರ ತನ್ಮಯತೆ ಕದಡುತ್ತದೆ.

ಹೀಗಾಗುವುದೇಕೆ? ಬಿಳಿಯ ಪಂಚೆ ಬಿಸಿಲಿನಲ್ಲಿದ್ದರೂ ನೆರಳಿನಲ್ಲಿದ್ದರೂ ದೀಪದಡಿ ಇದ್ದರೂ ನಮಗೆ ಬಿಳಿಯಾಗಿಯೇ ತೋರುತ್ತದೆ. ಕಣ್ಣೂ ಮಿದುಳೂ ಕೂಡಿ ಬೆಳಕಿನ ವ್ಯತ್ಯಾಸವನ್ನು ಸರಿದೂಗಿಸುತ್ತವೆ. ಕ್ಯಾಮರಾಕ್ಕೆ ಈ ವಿವೇಕವಿಲ್ಲ. ಬಿಳಿ ಯಾವುದೆಂದು ಅದಕ್ಕೆ ಕಲಿಸಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ತಂತಿಯ ಬಲ್ಬಿನ ಹಳದಿ ಬೆಳಕು ಸುಮಾರು 2,800, ನಡುಹಗಲಿನ ಬಿಸಿಲು ಸುಮಾರು 5,500. ನೀಲಿ ಆಗಸದಡಿಯ ನೆರಳಿನದು 7,000ವನ್ನೂ ಮೀರಬಹುದು. ನೀಲಿಯನ್ನು ತಂಪೆಂದು ಕರೆಯುವ ನಮಗೆ ಇದು ತಲೆಕೆಳಗಾದ ಲೆಕ್ಕವೆನಿಸೀತು. ಆದರೆ ಕುಲುಮೆಯ ಕಬ್ಬಿಣವೂ ಮೊದಲು ಕೆಂಪಾಗಿ, ಕಾವು ಏರಿದಂತೆ ಬಿಳುಪಿಗೆ ತಿರುಗುತ್ತದೆಯಲ್ಲವೆ?

1912ರಲ್ಲಿ ಪೂರ್ಣಗೊಂಡ ಈ ಅರಮನೆ ಪೂರ್ವಾಭಿಮುಖವಾದುದು. ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಅದರ ನೆರಳು ಅಂಗಳದ ಮೇಲೆ ಚಾಚುತ್ತದೆ. ಆನೆ ನೆರಳಿನಿಂದ ಬಿಸಿಲಿಗೆ ಬಂದೊಡನೆ ಅಂಬಾರಿಯ ಮೇಲೆ ಬೀಳುವ ಬೆಳಕೇ ಬೇರೆಯಾಗುತ್ತದೆ. ಕ್ಯಾಮರಾ ತಾನಾಗಿ ಬಣ್ಣ ಹೊಂದಿಸಿಕೊಳ್ಳುವ ಸೌಲಭ್ಯವನ್ನು ನಂಬಿದರೆ ಇಲ್ಲಿ ಕೆಟ್ಟಂತೆಯೇ: ಕೆಂಪು ಜೂಲಿನ ಆನೆ ಚೌಕಟ್ಟನ್ನು ತುಂಬಿದಾಗ ಅದು ಮೋಸಹೋಗಿ, ಇಡೀ ಚಿತ್ರದ ಬಣ್ಣವನ್ನೇ ಬದಲಿಸಿಬಿಡಬಹುದು. ಆದ್ದರಿಂದ ಬಲ್ಲವರು ಅದನ್ನು ಮೊದಲೇ ನಿಲ್ಲಿಸಿಡುತ್ತಾರೆ.

ಕ್ಯಾಮರಾಗಳನ್ನು ಹೊಂದಿಸುವ ಕಾರ್ಯ ಕಚೇರಿಗೆ ಮುನ್ನ ಶ್ರುತಿ ಸೇರಿಸುವಂತಹುದು. ವಿದ್ವಾಂಸರು ಎಷ್ಟೇ ಸಮರ್ಥರಾಗಿರಲಿ, ವೀಣೆಯೂ ಮೃದಂಗವೂ ಬೇರೆ ಬೇರೆ ಷಡ್ಜವನ್ನು ಹಿಡಿದರೆ ಸಂಗೀತ ಹುಟ್ಟದು. ಇಲ್ಲಿ ಷಡ್ಜವೆಂದರೆ ಒಂದು ಬಿಳಿಯ ಹಲಗೆ. ಒಂದೇ ಹಲಗೆಯನ್ನು ಒಂದೇ ಬೆಳಕಿನಲ್ಲಿ ಹಿಡಿದು ಎಲ್ಲ ಕ್ಯಾಮರಾಗಳಿಗೂ ತೋರಿಸಬೇಕು. ಅಷ್ಟರಿಂದಲೇ ಕೆಲಸ ಮುಗಿಯದು. ಮನೆಮನೆಯ ಸಾರಿನ ಪುಡಿಯ ಹದ ಬೇರೆಯಿರುವಂತೆ ಒಬ್ಬೊಬ್ಬ ತಯಾರಕನ ಕ್ಯಾಮರಾದ ಬಣ್ಣದ ಹದವೂ ಬೇರೆ. ಬಿಳಿ ಹೊಂದಿದರೂ ಕೆಂಪು ಹೊಂದದಿರಬಹುದು. ಅದಕ್ಕಾಗಿ ಹಲವು ಬಣ್ಣದ ಚೌಕಗಳಿರುವ ಫಲಕವನ್ನು ಬಳಸುತ್ತಾರೆ. ಮೊದಲು ಕಪ್ಪಿನ ಮಟ್ಟ, ಅನಂತರ ಬೆಳಕಿನ ಪ್ರಮಾಣ, ಆಮೇಲೆ ಬಣ್ಣ. ಎಲ್ಲಕ್ಕಿಂತ ಕಡಿಮೆ ತಿದ್ದುಪಡಿಗೆ ಒಗ್ಗುವ ಕ್ಯಾಮರಾದ ಮಟ್ಟಕ್ಕೆ ಉಳಿದ ಉತ್ತಮ ಕ್ಯಾಮರಾಗಳನ್ನು ಇಳಿಸುವುದೂ ಉಂಟು. ಇದು ಒಳ್ಳೆಯ ಕ್ಯಾಮರಾಕ್ಕೆ ಅನ್ಯಾಯವೆಂದು ತೋರಬಹುದು, ಆದರೆ ಇಡೀ ಪ್ರಸಾರಕ್ಕೆ ಅದೇ ನ್ಯಾಯ.

ಚಲನಚಿತ್ರದಲ್ಲಿ ತಪ್ಪಿದ ಬಣ್ಣವನ್ನು ಆಮೇಲೆ ತಿದ್ದಬಹುದು. ನೇರಪ್ರಸಾರದಲ್ಲಿ ಆ ಅವಕಾಶವಿಲ್ಲ. ಆನೆ ಹಿಂದಿರುಗಿ ಬಂದು ಮತ್ತೊಮ್ಮೆ ನಡೆಯದು. ಪ್ರಸಾರ ವಾಹನದೊಳಗೆ ಕುಳಿತ ತಂತ್ರಜ್ಞನು ಚಿತ್ರಗಳನ್ನೂ ಬೆಳಕನ್ನು ಗೆರೆಗಳಾಗಿ ತೋರುವ ಮಾಪಕವನ್ನೂ ನೋಡುತ್ತ, ಮಸೂರದ ಕಂಡಿಯನ್ನು ಕ್ಷಣಕ್ಷಣವೂ ಹಿಗ್ಗಿಸಿ ಕುಗ್ಗಿಸುತ್ತಿರುತ್ತಾನೆ. ಕಾವಿಗೆ ಮೃದಂಗದ ಶ್ರುತಿ ಜಾರಿದಾಗ ವಿದ್ವಾಂಸರು ಹಾಡಿನ ನಡುವೆಯೇ ತಟ್ಟಿ ಸರಿಪಡಿಸುವುದಿಲ್ಲವೆ, ಹಾಗೆ. ಅವನ ಕೆಲಸ ಚೆನ್ನಾಗಿ ನಡೆದರೆ ಅವನೊಬ್ಬನಿದ್ದಾನೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಸಂಜೆಗೆ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಬೆಳಗುತ್ತವೆ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಆರಂಭವಾಗುತ್ತದೆ. ಪಂಜಿನ ಜ್ವಾಲೆಯ ಬೆಳಕು ಬಲ್ಬಿನ ಬೆಳಕಿಗಿಂತಲೂ ಕೆಂಪು. ಅದನ್ನು ಪೂರ್ತಿ ಬಿಳಿಯಾಗಿಸುವಂತೆ ಕ್ಯಾಮರಾವನ್ನು ತಿದ್ದುವುದು ಸಾಧ್ಯ. ಹಾಗೆ ತಿದ್ದಿದರೆ ಪಂಜು ಪಂಜಾಗಿ ಉಳಿಯದು. ಆದಕಾರಣ ಅನುಭವಿಯಾದ ತಂತ್ರಜ್ಞನು ಎಲ್ಲ ಕ್ಯಾಮರಾಗಳಲ್ಲಿಯೂ ಸಮನಾಗಿ ಒಂದಿಷ್ಟು ಕೆಂಬಣ್ಣವನ್ನು ಉಳಿಸಿ, ಗುಂಡಿಯಿಂದ ಕೈ ತೆಗೆಯುತ್ತಾನೆ.