ಮಳೆ ಕೈಕೊಟ್ಟ ವರ್ಷದಲ್ಲಿ ಸಣ್ಣ ಹಿಡುವಳಿಯ ಬೇಸಾಯ



ನಮ್ಮ ಪೂರ್ವ ಒಣವಲಯದ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಹಾಗೂ ತುಮಕೂರಿನ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸರಾಸರಿ 680ರಿಂದ 890 ಮಿ.ಮೀ. ಮಳೆ ಬೀಳುತ್ತದೆ. ರಾಗಿ ಬೆಳೆಯಲು ಇಷ್ಟು ಮಳೆ ಸಾಕು. ಆದರೆ ಅದು ಬೇಕಾದ ಹೊತ್ತಿಗೆ ಬಾರದಿರುವುದೇ ನಮ್ಮ ತೊಂದರೆ. 2023ರ ಆಗಸ್ಟ್ ತಿಂಗಳು, 1901ರಿಂದ ಈಚೆಗೆ ದಾಖಲಾದ ಆಗಸ್ಟ್‌ಗಳಲ್ಲಿ ದೇಶಕ್ಕೆ ಅತ್ಯಂತ ಒಣ ತಿಂಗಳಾಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಎರಡು ಮೂರು ಎಕರೆ ಕೆಂಪು ಹೊಲ, ಒಂದು ಜೊತೆ ದನ, ಮನೆಯ ಹಿಂದೆ ಒಂದು ಹಿತ್ತಲು ಇರುವ ರೈತನು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 25 ಮಿ.ಮೀ.ನ ಒಂದು ಹದ ಮಳೆ ಎಂದರೆ ಎಕರೆಗೆ ಒಂದು ಲಕ್ಷ ಲೀಟರ್! ಇದರಲ್ಲಿ ಐದನೆಯ ಒಂದು ಪಾಲು ಹರಿದು ಹೋದರೂ 20,000 ಲೀಟರ್ ನೀರು ಹಳ್ಳ ಸೇರಿತು. ಅದರ ಜೊತೆಗೆ ಮೇಲುಮಣ್ಣೂ ಹೋಯಿತು. ಆದ್ದರಿಂದ ಬರಗಾಲದ ಬೇಸಾಯವು ಮಳೆ ನಿಂತ ಮೇಲೆ ಆರಂಭವಾಗುವುದಲ್ಲ, ಮಳೆ ಬೀಳುವ ಮೊದಲೇ ಆರಂಭವಾಗಬೇಕು.

ಇದಕ್ಕಾಗಿ ಅನುಸರಿಸಬೇಕಾದ ಕ್ರಮಗಳು ಹೀಗಿವೆ:

1. ಬೇಸಿಗೆಯಲ್ಲಿಯೇ ಬದುಗಳ ಉದ್ದಕ್ಕೂ ನಡೆದು ಇಲಿಬಿಲ, ಏಡಿಬಿಲ, ದನ ತುಳಿದ ಜಾಗಗಳನ್ನು ಮುಚ್ಚಬೇಕು. ಬದು ಒಡೆಯುವುದು ಇಂಥ ಒಂದು ಸಣ್ಣ ಬಿಲದಿಂದಲೇ. ಕೊಡಿಗೆ ಕಲ್ಲು ಜೋಡಿಸಬೇಕು.

2. ರೋಹಿಣಿ, ಮೃಗಶಿರ ಮಳೆಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಬಿತ್ತನೆಯ ಸಾಲೂ ಅಡ್ಡಲಾಗಿಯೇ ಇರಬೇಕು. ಆಗ ಪ್ರತಿ ಸಾಲೂ ಒಂದು ಚಿಕ್ಕ ಬದುವಿನಂತೆ ಕೆಲಸ ಮಾಡುತ್ತದೆ.

3. ಬದುವಿನ ಮೇಲೆ ಗೊಬ್ಬರದ ಗಿಡ ಅಥವಾ ಲಾವಂಚ ನೆಡಬೇಕು. ಗುಂಡ್ಲುಪೇಟೆಯ ಕಡೆ ಹೊಲದ ಗಡಿಗೆ ಲಾವಂಚ ಹಾಕುವುದು ರೈತರ ಹಳೆಯ ರೂಢಿ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ. ಗೊಬ್ಬರದ ಗಿಡದ ಸೊಪ್ಪು ಹೊಲಕ್ಕೆ ಹಸಿರೆಲೆ ಗೊಬ್ಬರವಾಗುತ್ತದೆ.

ಬಿತ್ತನೆಗೆ ಮುಂಚೆ ಬೀಜಕ್ಕೆ ಉಪಚಾರ

ರಾಗಿ ಬೀಜವನ್ನು ಕಠಿಣಗೊಳಿಸಿ ಬಿತ್ತಿದರೆ ಎಳೆಯ ಪೈರು ಒಣಹವೆಯನ್ನು ಹೆಚ್ಚು ದಿನ ತಡೆಯುತ್ತದೆ. ಒಂದು ಕಿಲೊ ಬೀಜವನ್ನು ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಬೇಕು. ಮೊಳಕೆಯ ತುದಿ ಬಿಳಿಯಾಗಿ ಕಾಣುತ್ತಲೇ ತೆಗೆದು ನೆರಳಿನಲ್ಲಿ ಚೆನ್ನಾಗಿ ಆರಿಸಬೇಕು. ಇದಕ್ಕೆ ಖರ್ಚು ಏನೂ ಇಲ್ಲ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ ಐದು ಕಿಲೊ ಬೀಜ ಸಾಕು.

ಅಕ್ಕಡಿ ಸಾಲನ್ನು ಬಿಡಬೇಡಿ

ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದುದು ಬರಿಯ ರೂಢಿಯಲ್ಲ, ಅದು ಒಂದು ವಿಮೆ. ರಾಗಿಯ ಬೇರು ಮೇಲುಮಣ್ಣಿನಲ್ಲಿ ಹರಡಿದರೆ ತೊಗರಿಯ ಬೇರು ಆಳಕ್ಕೆ ಹೋಗುತ್ತದೆ. ಒಂದು ಸೋತರೆ ಇನ್ನೊಂದು ಕೈಹಿಡಿಯುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆ ಬಿತ್ತುವುದು ಸೂಕ್ತ. ಎರಡು ತೊಗರಿ ಸಾಲುಗಳ ನಡುವೆ ನೇಗಿಲಿನಿಂದ ಒಂದು ಆಳವಾದ ಸಾಲು ಹೊಡೆದರೆ ಅದು ಹರಿಯುವ ನೀರನ್ನು ನಿಲ್ಲಿಸಿ ಇಂಗಿಸುತ್ತದೆ.

ಬಿತ್ತನೆ ತಡವಾದರೆ ತಳಿಯನ್ನು ಬದಲಿಸಿ

ಜುಲೈ ಕೊನೆಯೊಳಗೆ ಹದ ಸಿಕ್ಕರೆ ಎಂ.ಆರ್.-1, ಎಂ.ಆರ್.-6ರಂಥ ದೀರ್ಘಾವಧಿ ತಳಿಗಳನ್ನು ಹಾಕಬಹುದು. ಆಗಸ್ಟ್ ಮೊದಲ ಪಕ್ಷಕ್ಕೆ ಬಿತ್ತನೆ ಹೋದರೆ ಜಿ.ಪಿ.ಯು.-28 ಅಥವಾ ಎಂ.ಎಲ್.-365 ಒಳ್ಳೆಯದು, ಇವು 110ರಿಂದ 115 ದಿನಗಳಿಗೆ ಕೊಯ್ಲಿಗೆ ಬರುತ್ತವೆ. ಅದಕ್ಕೂ ತಡವಾದರೆ ಜಿ.ಪಿ.ಯು.-48, ಇಂಡಾಫ್-9ರಂಥ ಅಲ್ಪಾವಧಿ ತಳಿಗಳನ್ನೇ ಆರಿಸಬೇಕು. ಇಲ್ಲವೇ ಬಾವಿಯ ಬಳಿ ಒಟ್ಟಲು ಹಾಕಿಕೊಂಡು 21ರಿಂದ 25 ದಿನದ ಪೈರನ್ನು ಹದ ಬಿದ್ದಾಗ ನಾಟಿ ಮಾಡಬಹುದು. ಸೆಪ್ಟೆಂಬರ್ ಬಂದರೂ ಹೊಲ ಖಾಲಿ ಇದ್ದರೆ ಹುರುಳಿ ಬಿತ್ತಿ. ಅದು ಮನೆಗೆ ಕಾಳು, ದನಕ್ಕೆ ಹೊಟ್ಟು, ಹೊಲಕ್ಕೆ ಹೊದಿಕೆ ಆಗುತ್ತದೆ.

ಒಂದು ಅನುಭವ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. 2023ರ ಆಶ್ಲೇಷಾ ಮಳೆಯ ದಿನಗಳಲ್ಲಿ ಎರಡೂವರೆ ಎಕರೆಯ ಒಂದು ಹಿಡುವಳಿಗೆ ಹೋಗಿದ್ದೆ. ರಾಗಿಗೆ 25 ದಿನವಾಗಿತ್ತು. ಮೇಲುಗೊಬ್ಬರಕ್ಕೆ ಅದು ಸರಿಯಾದ ವಯಸ್ಸು. ಪಡುವಣದಲ್ಲಿ ಮೋಡವೂ ಕಟ್ಟಿತ್ತು. ‘ಇಂದೇ ಯೂರಿಯ ಹಾಕಿಬಿಡಿ’ ಎಂದು ರೈತರಿಗೆ ಹೇಳಿದೆ. ಬದುವಿನ ಮೇಲೆ ಕುಳಿತಿದ್ದ ಅವರ ತಾಯಿ, ‘ಮೋಡ ಮೇಲೈತೆ ಮೇಷ್ಟ್ರೇ, ಹದ ಕೆಳಗಿಲ್ಲ. ಮಳೆ ಬಿದ್ದ ಮೇಲೆ ನೋಡಾನ’ ಎಂದರು. ಮಗ ನನ್ನ ಮಾತಿಗೆ ಬೆಲೆ ಕೊಟ್ಟು ಅರ್ಧ ಹೊಲಕ್ಕೆ ಹಾಕಿದರು. ತಾಯಿಯ ಮಾತಿಗೆ ಬೆಲೆ ಕೊಟ್ಟು ಉಳಿದರ್ಧವನ್ನು ಬಿಟ್ಟರು.

ಮೋಡ ಚದುರಿತು. ಮೂರು ವಾರ ಹನಿ ಬೀಳಲಿಲ್ಲ. ಒಣಮಣ್ಣಿನ ಮೇಲೆ ಬಿದ್ದ ಯೂರಿಯ ಬೇರಿಗೆ ಇಳಿಯುವುದಿಲ್ಲ. ಇಬ್ಬನಿಯ ತೇವಕ್ಕೆ ಕರಗಿ, ಅದರ ಸಾರಜನಕದ ಒಂದು ಪಾಲು ಅಮೋನಿಯ ಅನಿಲವಾಗಿ ಗಾಳಿ ಸೇರುತ್ತದೆ. ಹುಬ್ಬೆ ಮಳೆಯಲ್ಲಿ ಒಂದು ಹದ ಬಿದ್ದ ಮೇಲೆ ಉಳಿದರ್ಧಕ್ಕೆ ಗೊಬ್ಬರ ಕೊಟ್ಟರು. ಆ ಭಾಗದ ಪೈರು ಹಸಿರೇರಿ ಮತ್ತೆ ತೆಂಡೆ ಹೊಡೆಯಿತು. ನಾನು ಹೇಳಿ ಹಾಕಿಸಿದ ಭಾಗ ಹಿಂದುಳಿಯಿತು. ನಾನು ಪೈರಿನ ವಯಸ್ಸನ್ನು ನೋಡಿದ್ದೆ, ಆ ತಾಯಿ ಮಣ್ಣನ್ನು ನೋಡಿದ್ದರು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರಿಗೂ ನನ್ನ ಸೂಚನೆ ಇದು: ಮಳೆಯಾಶ್ರಯದ ರಾಗಿಗೆ ಎಕರೆಗೆ ಬೇಕಾದ 20 ಕಿಲೊ ಸಾರಜನಕದಲ್ಲಿ ಅರ್ಧವನ್ನು ಬಿತ್ತುವಾಗ ಕೊಡಿಸಿ. ಉಳಿದರ್ಧವನ್ನು, ಅಂದರೆ ಸುಮಾರು 22 ಕಿಲೊ ಯೂರಿಯವನ್ನು, ಹದ ನೋಡಿಯೇ ಕೊಡಿಸಿ. ಒಂದು ಗೇಣು ಆಳದ ಮಣ್ಣನ್ನು ಅಂಗೈಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಚೀಲವನ್ನು ಬಿಚ್ಚಬಾರದು.

ನಡುವೆ ಮಳೆ ನಿಂತಾಗ

ಮೊದಲು ಎಡೆಕುಂಟೆ ಹೊಡೆಯಿರಿ. ಮೇಲಿನ ಹೆಪ್ಪು ಒಡೆದು ಪುಡಿಮಣ್ಣಿನ ಹೊದಿಕೆಯಾದರೆ ಒಳಗಿನ ತೇವ ಬೇಗ ಆರುವುದಿಲ್ಲ. ಹೊಲದ ತೇವಕ್ಕೆ ಬೆಳೆಯೊಡನೆ ಪೈಪೋಟಿ ಮಾಡುವ ಕಳೆಯೂ ಹೋಗುತ್ತದೆ. ಪೈರು ಒತ್ತಾಗಿದ್ದರೆ ತೆಳುಮಾಡಿ, ಕಿತ್ತ ಪೈರನ್ನು ದನಕ್ಕೆ ಹಾಕಬಹುದು. ಸ್ವಲ್ಪ ಹದ ಸಿಕ್ಕಿದಾಗ ಲೀಟರ್ ನೀರಿಗೆ 20 ಗ್ರಾಂ ಯೂರಿಯ ಬೆರೆಸಿ ಎಲೆಗಳ ಮೇಲೆ ಸಿಂಪಡಿಸಿದರೆ ಪೈರು ಬೇಗ ಚೇತರಿಸಿಕೊಳ್ಳುತ್ತದೆ.

‘ಹೊಲ ಒಣಗಿತು, ಉತ್ತು ಬಿಡೋಣವೇ?’ ಎಂಬುದು ಅಂಥ ದಿನಗಳಲ್ಲಿ ಎಲ್ಲರ ಪ್ರಶ್ನೆ. ಅವಸರ ಮಾಡಬೇಡಿ. ಹತ್ತು ಕಡೆ ಕೆಲವು ಪೈರನ್ನು ಕಿತ್ತು, ಬುಡವನ್ನು ಸೀಳಿ ನೋಡಿ. ಒಳಗಿನ ಸುಳಿ ಹಸಿರಾಗಿ, ತೇವವಾಗಿ ಇದ್ದರೆ ಪೈರು ಜೀವಂತವಾಗಿದೆ. ತೆಂಡೆ ಒಡೆಯುವ ಹಂತದಲ್ಲಿ ರಾಗಿ ಬಾಡಿದರೂ ಹದ ಬಿದ್ದರೆ ಮತ್ತೆ ಚಿಗುರುವ ಗುಣ ಅದಕ್ಕಿದೆ. 30 × 10 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ ಸುಮಾರು 33 ಪೈರು ಇರಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದ್ದರೆ ಉಳಿಸಿಕೊಳ್ಳಿ. ಹದ ಬಂದಾಗ ಒತ್ತಾದ ಕಡೆಯಿಂದ ಕಿತ್ತು ಖಾಲಿ ಜಾಗಕ್ಕೆ ನೆಡಿ. ಅರ್ಧಕ್ಕಿಂತ ಕಡಮೆಯಾಗಿ, ಆಗಸ್ಟ್ ಇನ್ನೂ ಮುಗಿಯದಿದ್ದರೆ ಮಾತ್ರ ಅಲ್ಪಾವಧಿ ತಳಿಯನ್ನು ಮತ್ತೆ ಬಿತ್ತಬಹುದು.

ಕೃಷಿ ಹೊಂಡ

ಮೇಲೆ 12 ಮೀಟರ್, ತಳದಲ್ಲಿ 6 ಮೀಟರ್ ಚೌಕವಾಗಿ, 3 ಮೀಟರ್ ಆಳವಿರುವ ಹೊಂಡದಲ್ಲಿ ಸುಮಾರು 2,50,000 ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಐದು ಸೆಂ.ಮೀ. ನೀರು ಕೊಡಲು ಸುಮಾರು 2,00,000 ಲೀಟರ್ ಬೇಕು. ಅಂದರೆ ಆವಿಯಾಗುವುದನ್ನು ಕಳೆದರೆ ಈ ಹೊಂಡ ಒಂದು ಎಕರೆಗೆ ಒಂದೇ ಸಲದ ನೀರು. ಆ ಒಂದು ನೀರನ್ನು ತೆನೆ ಹೊರಡುವ ಸಮಯಕ್ಕೆ ಕಾದಿಡಬೇಕು. ಆಗಿನ ಬಾಯಾರಿಕೆಯಿಂದ ಆದ ನಷ್ಟ ಮುಂದೆ ತುಂಬುವುದಿಲ್ಲ. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಹೊಂಡಕ್ಕೆ ಹೊದಿಕೆ ಅಗತ್ಯ. ಹೂಳು ತಡೆಯಲು ಒಳಹರಿವಿನ ಬಾಯಿಯಲ್ಲಿ ಚಿಕ್ಕ ಗುಂಡಿ ಇರಬೇಕು. ಮಕ್ಕಳು, ದನಗಳು ಬೀಳದಂತೆ ಸುತ್ತ ಬೇಲಿ ಹಾಕಲೇಬೇಕು.

ದನಗಳ ಮೇವು

ಮೇವು ಮುಗಿದಾಗ ಸಿಕ್ಕಿದ ಬೆಲೆಗೆ ದನ ಮಾರಿದ ರೈತನಿಗೆ ಮುಂದಿನ ವರ್ಷ ಗೊಬ್ಬರವೂ ಇಲ್ಲ, ಹಾಲೂ ಇಲ್ಲ. ಆದ್ದರಿಂದ ಮೇವಿನ ಲೆಕ್ಕವನ್ನು ಆಗಸ್ಟ್‌ನಲ್ಲೇ ಹಾಕಬೇಕು. ಹಸುವೊಂದಕ್ಕೆ ದಿನಕ್ಕೆ ಆರು ಕಿಲೊ ಒಣಮೇವು ಎಂದರೆ ನಾಲ್ಕು ತಿಂಗಳಿಗೆ ಸುಮಾರು 720 ಕಿಲೊ ಬೇಕು. ಇರುವ ಹುಲ್ಲಿನ ಸತ್ವ ಹೆಚ್ಚಿಸಲು 100 ಕಿಲೊ ಹುಲ್ಲಿಗೆ 4 ಕಿಲೊ ಯೂರಿಯವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆರೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯ ಕರಗಿಸಿದ ನೀರನ್ನು ದನಗಳು ಕುಡಿಯದಂತೆ ಎಚ್ಚರ ವಹಿಸಬೇಕು.

ಇನ್ನೊಂದು ಎಚ್ಚರಿಕೆ: ಬಾಡಿದ ಎಳೆಯ ಜೋಳದಲ್ಲಿಯೂ, ಮಳೆ ಬಿದ್ದು ಹೊಸದಾಗಿ ಚಿಗುರಿದ ಜೋಳದ ಕೂಳೆಯಲ್ಲಿಯೂ ವಿಷಾಂಶ ಹೆಚ್ಚಿರುತ್ತದೆ. ಹೂ ಬಿಡುವ ಮೊದಲು ಅದನ್ನು ಮೇಯಿಸಿದರೆ ದನ ನಿಂತಲ್ಲೇ ಸಾಯಬಹುದು.

ಹಿತ್ತಲು

ಬಚ್ಚಲ ನೀರನ್ನು ಬೀದಿಗೆ ಬಿಡದೆ ನುಗ್ಗೆ, ಬಾಳೆಗಳ ಬುಡಕ್ಕೆ ತಿರುಗಿಸಿ. ಎಳೆಯ ಮಾವಿನ ಸಸಿಯ ಪಕ್ಕದಲ್ಲಿ ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ಇಟ್ಟ ಮಡಕೆಯನ್ನು ಹೂತು, ನೀರು ತುಂಬಿ ಬಾಯಿ ಮುಚ್ಚಿ. ಬುಡದ ಸುತ್ತ ತರಗೆಲೆ ಹೊದಿಸಿ. ಹೀಗೆ ಕೆಲವೇ ಕೊಡ ನೀರಿನಲ್ಲಿ ಸಸಿ ಬೇಸಿಗೆಯನ್ನು ದಾಟುತ್ತದೆ.

ಮೇಲೆ ಹೇಳಿದ ಹಿಡುವಳಿಯಲ್ಲಿ ಆ ವರ್ಷ ರಾಗಿ ಮನೆಯ ಊಟಕ್ಕೆ ಮಾತ್ರ ಆಯಿತು, ಮಾರಲು ಉಳಿಯಲಿಲ್ಲ. ಆದರೆ ಅಕ್ಕಡಿಯ ತೊಗರಿ ಅಷ್ಟಿಷ್ಟು ಕಾಸು ತಂದಿತು. ಎರಡು ಹಸುಗಳೂ ಕೊಟ್ಟಿಗೆಯಲ್ಲೇ ಉಳಿದವು. ಕೆಟ್ಟ ವರ್ಷದಲ್ಲಿ ಮಣ್ಣು, ಬೀಜ, ದನ ಈ ಮೂರನ್ನು ಉಳಿಸಿಕೊಂಡವನು ಮುಂದಿನ ಮುಂಗಾರಿಗೆ ಸಾಲವಿಲ್ಲದೆ ನೇಗಿಲು ಹೂಡಬಲ್ಲ. ನಿಮ್ಮ ಹೊಲಕ್ಕೆ ತಕ್ಕ ತಳಿ, ಬದು ಮತ್ತು ಹೊಂಡದ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿರಿ.